ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳಿ ನಗೋದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಆದ್ರೆ ಒಂದು ಸಲ ಆ ಕುಣಿಯುವವಳ ಕಡೆಯಿಂದ ಯೋಚನೆ ಮಾಡಿ ನೋಡಿ. ನೆಲ ನಿಜವಾಗ್ಲೂ ಡೊಂಕಾಗಿದ್ದರೆ? ಅವಳು ಬಿದ್ದು ಕಾಲು ಮುರಿದುಕೊಂಡ ಮೇಲೂ ನಾವು ಅವಳನ್ನೇ ಬೈತಾ ಕೂರಬೇಕಾ? ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಯುದ್ಧಭೂಮಿಯ ಡೊಂಕು ನೆಲದ ಕಥೆ.

2003ರ ಮಾರ್ಚ್ 23ರ ನಸುಕು. ಇರಾಕ್ ಮೇಲೆ ಅಮೆರಿಕ ಮತ್ತು ಬ್ರಿಟನ್ ದಾಳಿ ಶುರು ಮಾಡಿ ಮೂರು ದಿನ ಆಗಿತ್ತಷ್ಟೆ. ಬ್ರಿಟನ್ನಿನ ಒಂದು ಟೊರ್ನಾಡೊ ಯುದ್ಧವಿಮಾನ ಕೆಲಸ ಮುಗಿಸಿ ಕುವೈತಿನ ತನ್ನ ನೆಲೆಗೆ ವಾಪಸ್ ಬರ್ತಿತ್ತು. ಕೆಳಗಿದ್ದ ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ತುಕಡಿ ಅದನ್ನ ಹೊಡೆದು ಹಾಕಿತು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಹತ್ತು ದಿನ ಕಳೀತು. ಏಪ್ರಿಲ್ 2ರಂದು ಇನ್ನೊಂದು ಪೇಟ್ರಿಯಾಟ್, ಈ ಸಲ ಅಮೆರಿಕದ ನೌಕಾಪಡೆಯದ್ದೇ ಎಫ್/ಎ-18 ವಿಮಾನವನ್ನ ಉರುಳಿಸಿತು. ಪೈಲಟ್ ಲೆಫ್ಟಿನೆಂಟ್ ನೇಥನ್ ವೈಟ್ ಬದುಕಲಿಲ್ಲ.

ಪೇಟ್ರಿಯಾಟ್‌ನ ನಿಯಂತ್ರಣ ಕೊಠಡಿ ಅಂದಾಕ್ಷಣ ನಿಮ್ಮ ಕಣ್ಣ ಮುಂದೆ ಸಿನಿಮಾದಲ್ಲಿ ತೋರಿಸೋ ದೊಡ್ಡ ಹಾಲ್ ಬರಬಹುದು. ಗೋಡೆ ತುಂಬ ಪರದೆ, ಸೂಟು ಹಾಕಿಕೊಂಡ ಅಧಿಕಾರಿಗಳು. ಅದ್ಯಾವುದೂ ಅಲ್ಲ. ಅದು ಒಂದು ಟ್ರಕ್ಕು. ಟ್ರಕ್ಕಿನ ಬೆನ್ನ ಮೇಲೆ ಒಂದು ಪೆಟ್ಟಿಗೆ. ಒಳಗೆ ಮೂರು ಜನ. ಇಬ್ಬರ ಮುಂದೆ ರಾಡಾರ್ ಪರದೆ, ಮೂರನೆಯವನ ಪಾಲಿಗೆ ಸಂಪರ್ಕ ಸಾಧನ. ಟಿವಿ ಚಾನೆಲ್‌ಗಳ ಓಬಿ ವ್ಯಾನ್ ನೋಡಿದೀರಲ್ಲ, ಹೆಚ್ಚೂಕಮ್ಮಿ ಅದೇ. ನಮ್ಮ ಓಬಿ ವ್ಯಾನಿನಲ್ಲಿ ತಪ್ಪು ಬಟನ್ ಒತ್ತಿದ್ರೆ ತಪ್ಪು ದೃಶ್ಯ ಪ್ರಸಾರ ಆಗುತ್ತೆ. ಅವರ ವ್ಯಾನಿನಲ್ಲಿ ಒತ್ತಿದ್ರೆ ವಿಮಾನ ಬೀಳುತ್ತೆ.

ಆ ರಾತ್ರಿ ಪರದೆ ಮೇಲೆ ಬಂದಿದ್ದು ವಿಮಾನ ಅಂತಲ್ಲ. ಕಂಪ್ಯೂಟರ್ ಅದನ್ನ ರಾಡಾರ್ ನಾಶ ಮಾಡೋಕೆ ಬರ್ತಿರೋ ಶತ್ರು ಕ್ಷಿಪಣಿ ಅಂತ ತೋರಿಸ್ತು. ಅಂದ್ರೆ ನೇರವಾಗಿ ಅವರ ತಲೆ ಮೇಲೇ ಬೀಳೋಕೆ ಬರ್ತಿದೆ ಅಂತ ಅರ್ಥ. ತೀರ್ಮಾನ ಮಾಡೋಕೆ ಸುಮಾರು ಒಂದು ನಿಮಿಷ. ವಿಮಾನದಲ್ಲಿ ‘ನಾನು ನಿಮ್ಮವನೇ’ ಅಂತ ಗುರುತು ಹೇಳೋ ಸಾಧನ ಕೆಟ್ಟಿದ್ದಿರಬೇಕು ಅಂತ ಬ್ರಿಟನ್ನಿನ ತನಿಖೆ ಹೇಳಿತು. ಆ ತುಕಡಿಗೆ ಮೇಲಿನ ಕಚೇರಿ ಜೊತೆ ನೇರ ಸಂಪರ್ಕ ಇರಲಿಲ್ಲ. ಕೇಳೋಣ ಅಂದ್ರೆ ಕೇಳೋಕೆ ಆಗಲ್ಲ, ಕಾಯೋಣ ಅಂದ್ರೆ ಸಮಯ ಇಲ್ಲ. ಒತ್ತಿದರು.

ಆಮೇಲೆ ಅಮೆರಿಕದ ರಕ್ಷಣಾ ವಿಜ್ಞಾನ ಮಂಡಳಿ ಈ ಘಟನೆಗಳನ್ನ ಪರಿಶೀಲಿಸಿತು. ಇಡೀ ವ್ಯವಸ್ಥೆ ಬಹುಮಟ್ಟಿಗೆ ಸ್ವಯಂಚಾಲಿತ, ಅದನ್ನ ನಡೆಸೋರಿಗೆ ಸಾಫ್ಟ್‌ವೇರ್ ಹೇಳಿದ್ದನ್ನ ನಂಬೋದೇ ಕಲಿಸಲಾಗಿತ್ತು ಅನ್ನೋದು ಅದು ಕಂಡುಕೊಂಡ ಸತ್ಯ. ಯಂತ್ರ ಎಲ್ಲ ಮಾಡುತ್ತೆ, ಮನುಷ್ಯ ಸುಮ್ಮನೆ ನೋಡ್ತಾ ಕೂತಿರ್ತಾನೆ, ಯಂತ್ರ ತಪ್ಪಿದ ಆ ಒಂದು ನಿಮಿಷದಲ್ಲಿ ಮಾತ್ರ ಅವನು ಚಾಣಕ್ಯ ಆಗಬೇಕು! ಗಂಟೆಗಟ್ಟಲೆ ಏನೂ ಮಾಡದೆ ಪರದೆ ದಿಟ್ಟಿಸ್ತಾ ಕೂತ ಯಾವ ಮನುಷ್ಯನಿಗೂ ಇದು ಸಾಧ್ಯ ಇಲ್ಲ.

ಇಂಥ ಪ್ರತಿ ಘಟನೆ ಆದ ಮೇಲೂ ಒಂದು ಪದ ಬರುತ್ತೆ ನೋಡಿ. ‘ಮಾನವ ದೋಷ.’ ಪತ್ರಿಕಾ ಹೇಳಿಕೆಯಲ್ಲಿ ಆ ಪದ ಬಂತು ಅಂದ್ರೆ ಫೈಲ್ ಮುಚ್ಚಿತು ಅಂತಲೇ ಲೆಕ್ಕ. ಒಬ್ಬ ಅಮಾನತು, ಇನ್ನೊಬ್ಬನಿಗೆ ವರ್ಗ. ಅವನು ಕೂತಿದ್ದ ಕುರ್ಚಿ, ನೋಡ್ತಿದ್ದ ಪರದೆ, ಒತ್ತಿದ ಗುಂಡಿ, ಅವೆಲ್ಲ ಅಲ್ಲೇ ಇರ್ತವೆ. ಮುಂದಿನವನು ಬಂದು ಅದೇ ಜಾಗದಲ್ಲಿ ಕೂರ್ತಾನೆ.

ಈ ಪದವನ್ನ ಮೊದಲು ಪ್ರಶ್ನೆ ಮಾಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಬಾಂಬರ್ ವಿಮಾನಗಳದ್ದು ಒಂದು ವಿಚಿತ್ರ ಸಮಸ್ಯೆ. ಯುದ್ಧದಲ್ಲಿ ಹೋರಾಡಿ, ಗುಂಡು ತಿಂದು, ಹೇಗೋ ವಾಪಸ್ ಬಂದು, ರನ್‌ವೇ ಮೇಲೆ ಚೆನ್ನಾಗಿ ಇಳಿದ ಮೇಲೆ ವಿಮಾನ ಧಡಾರ್ ಅಂತ ಹೊಟ್ಟೆ ಮೇಲೆ ಕುಸಿದುಬೀಳ್ತಿತ್ತು. ಯಾಕೆ ಅಂದ್ರೆ ಪೈಲಟ್ ಚಕ್ರಗಳನ್ನ ಒಳಗೆ ಎಳ್ಕೊಂಡುಬಿಟ್ಟಿರ್ತಿದ್ದ! ಇಳಿದ ಮೇಲೆ ಎತ್ತಬೇಕಾಗಿದ್ದು ರೆಕ್ಕೆಯ ಹಿಂಬದಿಯ ಫ್ಲಾಪ್. ಎತ್ತಿದ್ದು ಚಕ್ರ. ಸೇನೆ ಹೇಳಿದ್ದೇನು? ಪೈಲಟ್ ದೋಷ. ಇನ್ನಷ್ಟು ತರಬೇತಿ ಕೊಡಿ.

ಆಲ್ಫಾನ್ಸ್ ಚಪಾನಿಸ್ ಅಂತ ಒಬ್ಬ ಮನಃಶಾಸ್ತ್ರಜ್ಞ. ಪೈಲಟ್‌ಗಳ ತಲೆಯೊಳಗೆ ಏನಿದೆ ಅಂತ ಹುಡುಕೋದು ಬಿಟ್ಟು ಆತ ಕಾಕ್‌ಪಿಟ್ ಒಳಗೆ ಏನಿದೆ ಅಂತ ನೋಡಿದ. ಫ್ಲಾಪ್ ಸ್ವಿಚ್ಚು, ಚಕ್ರದ ಸ್ವಿಚ್ಚು ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ನಿದ್ದೆಗೆಟ್ಟು ಬಂದವನ ಬೆರಳಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಇನ್ನೂ ಒಂದು ವಿಷಯ ಅವನ ಕಣ್ಣಿಗೆ ಬಿತ್ತು. ಈ ಎರಡು ನಿಯಂತ್ರಣಗಳು ದೂರ ದೂರ ಇದ್ದ ಸಿ-47 ವಿಮಾನದ ಪೈಲಟ್‌ಗಳು ಈ ತಪ್ಪು ಮಾಡ್ತಿರಲಿಲ್ಲ. ಆ ಪೈಲಟ್‌ಗಳೇನು ಹೆಚ್ಚು ಬುದ್ಧಿವಂತರಾ? ಚಪಾನಿಸ್ ಮಾಡಿದ್ದಿಷ್ಟೆ. ಚಕ್ರದ ಸ್ವಿಚ್ಚಿಗೆ ಒಂದು ಪುಟ್ಟ ರಬ್ಬರ್ ಚಕ್ರ ಅಂಟಿಸಿದ, ಫ್ಲಾಪ್ ಸ್ವಿಚ್ಚಿಗೆ ರೆಕ್ಕೆ ಆಕಾರದ ಒಂದು ತುಂಡು. ಮುಟ್ಟಿದ್ರೆ ಸಾಕು, ಕತ್ತಲಲ್ಲೂ ಗೊತ್ತಾಗುತ್ತೆ. ನೀವು ಇವತ್ತು ಬೆಂಗಳೂರಿನಿಂದ ದೆಹಲಿಗೆ ಹೋಗೋ ವಿಮಾನದ ಕಾಕ್‌ಪಿಟ್ ನೋಡಿದ್ರೂ ಚಕ್ರ ಇಳಿಸೋ ಹಿಡಿಕೆಯ ತುದಿ ಚಕ್ರದ ಆಕಾರದಲ್ಲೇ ಇರುತ್ತೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಇನ್ನಿಬ್ಬರು 460 ‘ಪೈಲಟ್ ದೋಷ’ಗಳನ್ನ ಒಂದೊಂದಾಗಿ ಕೆದಕಿದರು. ಅವುಗಳಲ್ಲಿ ಅರ್ಧದಷ್ಟು, ಒಂದು ಹಿಡಿಕೆ ಅಂದುಕೊಂಡು ಇನ್ನೊಂದನ್ನ ಹಿಡಿದ ತಪ್ಪುಗಳು.

ಇನ್ನು 1950ರ ಕಥೆ ಇನ್ನೂ ಮಜವಾಗಿದೆ. ಅಮೆರಿಕದ ವಾಯುಪಡೆ ಕಾಕ್‌ಪಿಟ್‌ಗಳನ್ನ ‘ಸರಾಸರಿ ಪೈಲಟ್’ಗೆ ಅಂತ ಮಾಡ್ತಿತ್ತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ 4,063 ಪೈಲಟ್‌ಗಳ ಅಳತೆ ಹಿಡಿದು ಕೂತ. ಎತ್ತರ, ಎದೆ ಸುತ್ತಳತೆ, ತೋಳಿನ ಉದ್ದ ಹೀಗೆ ಹತ್ತು ಅಳತೆ. ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರೋನು ಎಷ್ಟು ಜನ? ಸೊನ್ನೆ. ಒಬ್ಬನೂ ಇಲ್ಲ! ಇಲ್ಲದ ಮನುಷ್ಯನಿಗೆ ಕುರ್ಚಿ ಮಾಡಿ, ಇರೋ ಮನುಷ್ಯರನ್ನ ಅದರಲ್ಲಿ ತುರುಕಿದ್ದರು. ಹಿಂದೆ ಮುಂದೆ ಸರಿಯೋ ಸೀಟು, ಹೊಂದಿಸಿಕೊಳ್ಳೋ ಪೆಡಲ್ ಇವುಗಳಿಗೆ ಒತ್ತಾಯ ಶುರುವಾಗಿದ್ದು ಆಮೇಲೆ.

ಸರಿ, ವಿಮಾನದ ಪೈಲಟ್‌ಗೆ ಹೇಗೋ ನ್ಯಾಯ ಸಿಕ್ತು. ವಿಮಾನ ದುಬಾರಿ, ಪೈಲಟ್ ಕೂಡ ದುಬಾರಿ. ಆದ್ರೆ ನೆಲದ ಮೇಲಿನ ಟ್ರಕ್ಕಿನ ಪೆಟ್ಟಿಗೆಯಲ್ಲಿ, ಟ್ಯಾಂಕಿನ ಹೊಟ್ಟೆಯಲ್ಲಿ, ಹಡಗಿನ ಕತ್ತಲ ಕೋಣೆಯಲ್ಲಿ ಕೂರೋನ ಕಥೆ? ಅವನ ಕಷ್ಟ ಬೇರೆ ಥರದ್ದು. ಅವನ ಆಫೀಸೇ ಓಡಾಡುತ್ತೆ.

ಶಿರಾಡಿ ಘಾಟಿಯಲ್ಲಿ ಬಸ್ಸು ಇಳೀತಿರುವಾಗ ಮೊಬೈಲ್‌ನಲ್ಲಿ ಹತ್ತು ನಿಮಿಷ ಏನಾದ್ರೂ ಓದಿ ನೋಡಿ. ಹೊಟ್ಟೆ ತೊಳಸುತ್ತೆ. ಕಾರಣ ಸರಳ. ಕಣ್ಣು ಪರದೆ ಮೇಲಿದೆ, ಪರದೆ ಅಲ್ಲಾಡ್ತಿಲ್ಲ, ಹಾಗಾಗಿ ಕಣ್ಣು ‘ನಾವು ನಿಂತಿದೀವಿ’ ಅನ್ನುತ್ತೆ. ಒಳಕಿವಿಯಲ್ಲಿರೋ ಸಮತೋಲನದ ಅಂಗ ‘ಇಲ್ಲ, ತಿರುಗ್ತಿದೀವಿ’ ಅನ್ನುತ್ತೆ. ಮಿದುಳಿಗೆ ಎರಡು ಸಾಕ್ಷಿ, ಎರಡು ಹೇಳಿಕೆ. ಆ ಗೊಂದಲವೇ ವಾಕರಿಕೆ. ಡ್ರೈವರ್‌ಗೆ ಯಾಕೆ ಹೀಗಾಗಲ್ಲ? ಅವನು ರಸ್ತೆ ನೋಡ್ತಿರ್ತಾನೆ, ಅವನ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳ್ತವೆ. ಈಗ ಯೋಚಿಸಿ, ಕಿಟಕಿ ಇಲ್ಲದ ಉಕ್ಕಿನ ಡಬ್ಬಿಯಲ್ಲಿ, ಪಕ್ಕಕ್ಕೆ ಮುಖ ಮಾಡಿ ಕೂತು, ಹೊಲ ಗದ್ದೆ ಮೇಲೆ ಎದ್ದುಬಿದ್ದು ಓಡ್ತಿರೋ ವಾಹನದಲ್ಲಿ, ಶತ್ರು ಎಲ್ಲಿದಾನೆ ಅಂತ ನಕ್ಷೆ ಓದಬೇಕು.

ಅಮೆರಿಕದ ಸೇನೆ 1990ರ ದಶಕದಲ್ಲಿ ಇಂಥದ್ದೇ ಒಂದು ವಾಹನ ಮಾಡಿತ್ತು. ಓಡ್ತಾ ಓಡ್ತಲೇ ಯುದ್ಧ ನಡೆಸೋ ಕಚೇರಿ. ಒಳಗೆ ಸಾಲಾಗಿ ಕಂಪ್ಯೂಟರ್. ನಾಸಾದ ವಿಜ್ಞಾನಿಗಳು ಅದರಲ್ಲಿ ಸೈನಿಕರನ್ನ ಕೂರಿಸಿ ಪರೀಕ್ಷೆ ಮಾಡಿದ್ರು. ಎದ್ದು ಕಂಡ ಲಕ್ಷಣ ವಾಂತಿ ಅಲ್ಲ, ತೂಕಡಿಕೆ! ಅಲುಗಾಟದ ಕಾಯಿಲೆಯ ಒಂದು ಮುಖ ಅದು. ವಾಂತಿ ಮಾಡಿದವನು ಎಲ್ಲರಿಗೂ ಕಾಣ್ತಾನೆ. ಕಣ್ಣು ಬಿಟ್ಟುಕೊಂಡೇ ಅರ್ಧ ಮಂಪರಿನಲ್ಲಿರೋನು ಯಾರಿಗೂ ಕಾಣಲ್ಲ. ಅವನ ಮುಂದೆ ಪರದೆ ಇದೆ, ಪರದೆ ಮೇಲೆ ಚುಕ್ಕೆ ಇದೆ, ಅವನಿಗೆ ಮಾತ್ರ ಅದು ಕಂಡಿಲ್ಲ.

ಇನ್ನು ಟಚ್‌ಸ್ಕ್ರೀನ್. ಫೋನ್‌ನಲ್ಲಿ ಚೆಂದ, ಹಾಗಾಗಿ ಎಲ್ಲ ಕಡೆ ಚೆಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಓಡೋ ಆಟೋದಲ್ಲಿ ಕೂತು ಫೋನ್ ನಂಬರ್ ಒತ್ತಿ ನೋಡಿ, ಐದು ಒತ್ತೋಕೆ ಹೋದ್ರೆ ಎಂಟು ಬೀಳುತ್ತೆ. ಸಿಯಾಚಿನ್‌ನಲ್ಲಿ ದಪ್ಪ ಕೈಗವಸು ಹಾಕಿದವನ ಗತಿ ಏನು? 2017ರ ಆಗಸ್ಟ್ 21ರಂದು ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಅಡ್ಡ ಬಂತು. 10 ನಾವಿಕರು ಸತ್ತರು. ಹಡಗು ತಿರುಗಿಸೋದು, ವೇಗ ಕಮ್ಮಿ ಜಾಸ್ತಿ ಮಾಡೋದು ಎಲ್ಲ ಟಚ್‌ಸ್ಕ್ರೀನ್‌ನಲ್ಲೇ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಯಂತ್ರಣ ಬದಲಾಯಿಸುವಾಗ ಗೊಂದಲ ಆಯ್ತು. ಚುಕ್ಕಾಣಿ ಹಿಡಿದವನು ತನ್ನ ಕೈಯಲ್ಲಿ ನಿಯಂತ್ರಣವೇ ಇಲ್ಲ ಅಂದುಕೊಂಡ. ನಿಯಂತ್ರಣ ಇತ್ತು, ಪಕ್ಕದ ಮೇಜಿನಲ್ಲಿ. ಎರಡು ಎಂಜಿನ್‌ಗಳ ವೇಗ ಒಟ್ಟಿಗೆ ಇಳಿಯಬೇಕಿತ್ತು, ಒಂದರದ್ದು ಮಾತ್ರ ಇಳೀತು, ಹಡಗು ಸರ್ರನೆ ತಿರುಗಿತು. ತರಬೇತಿ ಸಾಲದು ಅನ್ನೋದೂ ತನಿಖೆಯಲ್ಲಿ ಬಂತು, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಆಮೇಲೆ ಆ ನೌಕಾಪಡೆ ಬೇರೆ ಬೇರೆ ಹಡಗಿನ ನಾವಿಕರನ್ನೇ ಕೂರಿಸಿ, ನಿಮಗೇನು ಬೇಕು ಅಂತ ಕೇಳಿತು. ಕೈಯಲ್ಲಿ ಹಿಡಿಯೋ ಹಳೇ ಹಿಡಿಕೆ ವಾಪಸ್ ಕೊಡಿ ಅಂದ್ರು. ಕೊಡೋದಾಗಿ 2019ರಲ್ಲಿ ತೀರ್ಮಾನ ಆಯ್ತು. ಹತ್ತು ಜೀವ ಹೋಗೋ ಮುಂಚೆ ಯಾಕೆ ಕೇಳಲಿಲ್ಲ ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳೀತು.

ಅದಕ್ಕೂ ಮೊದಲಿನ, ಅದಕ್ಕಿಂತ ಘೋರವಾದ ಒಂದು ಪ್ರಕರಣ ಇದೆ. 1988ರ ಜುಲೈ 3. ಅಮೆರಿಕದ ವಿನ್ಸೆನ್ಸ್ ಹಡಗು ಇರಾನಿನ ಪ್ರಯಾಣಿಕ ವಿಮಾನವನ್ನ ಹೊಡೆದುರುಳಿಸಿ 290 ಜನರನ್ನ ಕೊಂದಿತು. ವಿಮಾನ ಮೇಲಕ್ಕೆ ಏರ್ತಿತ್ತು. ಹಡಗಿನ ಕೋಣೆಯಲ್ಲಿದ್ದವರು ಅದು ತಮ್ಮ ಮೇಲೆ ಎರಗೋಕೆ ಕೆಳಗಿಳೀತಿದೆ ಅಂತ ನಂಬಿದ್ರು. ಜಗತ್ತಿನ ಅತ್ಯಾಧುನಿಕ ರಾಡಾರ್ ಅದು, ಎತ್ತರವನ್ನ ಸರಿಯಾಗೇ ಅಳೆದಿತ್ತು. ಆದ್ರೆ ಆ ಎತ್ತರ ದೊಡ್ಡ ಪರದೆ ಮೇಲೆ ಇರಲಿಲ್ಲ, ಪಕ್ಕದ ಚಿಕ್ಕ ಪರದೆಯಲ್ಲಿ ಬರೀ ಅಂಕಿಯಾಗಿ ಬರ್ತಿತ್ತು. ಲಿಫ್ಟ್ ಮುಂದೆ ನಿಂತಿದೀರಿ, ‘4’ ಅಂತ ತೋರಿಸ್ತಿದೆ, ಬಾಣದ ಗುರುತಿಲ್ಲ ಅಂದುಕೊಳ್ಳಿ. ಮೇಲೆ ಹೋಗ್ತಿದೆಯಾ ಕೆಳಗೆ ಬರ್ತಿದೆಯಾ? ಇನ್ನೊಂದು ಅಂಕಿ ಬರೋವರೆಗೆ ಕಾದು, ಮನಸ್ಸಲ್ಲೇ ಕಳೆದು ನೋಡಬೇಕು. ಅತ್ತ ಇರಾನಿನ ದೋಣಿಗಳ ಮೇಲೆ ಗುಂಡಿನ ಕಾಳಗ ನಡೀತಿತ್ತು, ಇತ್ತ ಈ ಲೆಕ್ಕ. ಆ ಹಡಗು ಅಲ್ಲಿಗೆ ಯಾಕೆ ನುಗ್ಗಿತು, ಅದರ ಕ್ಯಾಪ್ಟನ್ ಅಷ್ಟು ಅವಸರ ಯಾಕೆ ಮಾಡಿದ ಅನ್ನೋದು ಬೇರೆ ಚರ್ಚೆ, ಅದರಿಂದ ಅವರ ಹೊಣೆ ಕಮ್ಮಿ ಆಗಲ್ಲ. ಆದ್ರೆ ಒಂದು ಪುಟ್ಟ ಬಾಣದ ಗುರುತಿನ ಬೆಲೆ ಎಷ್ಟಿರಬಹುದು, ಹೇಳಿ?

ಈಗ ನಮ್ಮ ಮನೆಗೆ ಬರೋಣ.

ನಮ್ಮ ಟ್ಯಾಂಕುಗಳಲ್ಲಿ ಬಹುಪಾಲು ಸೋವಿಯತ್ ಮತ್ತು ರಷ್ಯಾದ ವಿನ್ಯಾಸ. ಟಿ-72, ಅಂದ್ರೆ ನಮ್ಮ ‘ಅಜೇಯ’. ಟಿ-90, ಅಂದ್ರೆ ‘ಭೀಷ್ಮ’. ಸೋವಿಯತ್ ಎಂಜಿನಿಯರುಗಳು ದಡ್ಡರಲ್ಲ. ಟ್ಯಾಂಕು ಎಷ್ಟು ತಗ್ಗಾಗಿದ್ದರೆ ಶತ್ರುವಿಗೆ ಗುರಿ ಅಷ್ಟು ಚಿಕ್ಕದು. ಒಳಗಿನ ಜಾಗ ಒಂದು ಅಡಿ ಹೆಚ್ಚಿಸಿದ್ರೆ ಅದರ ಸುತ್ತ ಅಷ್ಟೂ ಉಕ್ಕು ಹೊದಿಸಬೇಕು, ತೂಕ ಏರುತ್ತೆ. ಹಾಗಾಗಿ ಗುಂಡು ತುಂಬೋನನ್ನೇ ತೆಗೆದು ಆ ಕೆಲಸ ಯಂತ್ರಕ್ಕೆ ಕೊಟ್ಟು ಮೂರೇ ಜನರಿಗೆ ಜಾಗ ಮಾಡಿದ್ರು, ಗಿಡ್ಡ ಹುಡುಗರನ್ನ ಆರಿಸಿ ಅದರಲ್ಲಿ ಕೂರಿಸಿದ್ರು. ನಾವು ಆ ಟ್ಯಾಂಕು ತಂದು ಯಾರನ್ನ ಕೂರಿಸಿದ್ವಿ? ಆರಡಿ ಜಾಟರು, ಸಿಖ್ಖರು, ರಜಪೂತರು! ಎಲ್ಲಿ ಓಡಿಸಿದ್ವಿ? ಥಾರ್ ಮರುಭೂಮಿಯಲ್ಲಿ. ಟಿ-90 ಬಂದ ಮೇಲೆ ರಾಜಸ್ಥಾನದ ಬಿಸಿಲಿಗೆ ಅದರ ಥರ್ಮಲ್ ಕ್ಯಾಮೆರಾಗಳು ಕೈಕೊಟ್ಟ ಸುದ್ದಿ ನೀವೂ ಓದಿರಬಹುದು. ಆಗ ಟ್ಯಾಂಕಿಗೆ ಏಸಿ ಬೇಕು ಅಂತ ಚರ್ಚೆ ಎದ್ದಿತು. ಯಾರಿಗೋಸ್ಕರ ಎದ್ದಿತು ಗಮನಿಸಿ. ಕ್ಯಾಮೆರಾ ಕೆಟ್ಟಿದ್ದಕ್ಕೆ. ಅದೇ ಬಿಸಿಯಲ್ಲಿ ಕ್ಯಾಮೆರಾ ಪಕ್ಕದಲ್ಲೇ ಕೂತವನೊಬ್ಬ ಇದ್ದ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಬೆವರಾಗಿ ಹೋದ್ರೂ ಗಮನ ಕದಡೋಕೆ ಶುರುವಾಗುತ್ತೆ. ಅವನು ಮಾತ್ರ ಕೆಡಲ್ಲ, ಯಾಕೆ ಅಂದ್ರೆ ಅವನಿಗೆ ವಾರಂಟಿ ಕಾರ್ಡ್ ಇಲ್ಲ.

ಹಾಗಂತ ಜಾಗ ಕೊಟ್ಟುಬಿಟ್ರೆ ಎಲ್ಲ ಸರಿಹೋಗುತ್ತಾ? ಅದೂ ಇಲ್ಲ. ನಮ್ಮದೇ ಅರ್ಜುನ್ ಟ್ಯಾಂಕಿನಲ್ಲಿ ನಾಲ್ವರು ಕೂರ್ತಾರೆ, ಒಳಗೆ ಧಾರಾಳವಾಗಿದೆ. ಆದ್ರೆ ಅದರ ಹೊಸ ಮಾದರಿ ಸುಮಾರು 68 ಟನ್. ಟಿ-72 ತೂಗೋದು 41ರ ಆಸುಪಾಸು. ಅರ್ಜುನ್ ಯಾವ ಸೇತುವೆ ದಾಟುತ್ತೆ, ಯಾವ ರೈಲು ವ್ಯಾಗನ್ ಹೊರುತ್ತೆ ಅನ್ನೋದೇ ದೊಡ್ಡ ತಲೆನೋವಾಯ್ತು. ಬ್ರಿಟಿಷರು ಬೇರೆ ದಾರಿಯಲ್ಲಿ ಜಾಣತನ ತೋರಿಸಿದ್ರು. ಮಹಾಯುದ್ಧದಲ್ಲಿ ಅವರ ಟ್ಯಾಂಕ್ ಸಿಬ್ಬಂದಿ ಸಾಯ್ತಿದ್ದುದು ಟ್ಯಾಂಕಿನ ಒಳಗೆ ಮಾತ್ರ ಅಲ್ಲ, ಊಟಕ್ಕೆ ಚಹಾಕ್ಕೆ ಅಂತ ಹೊರಗೆ ಇಳಿದಾಗಲೂ. ಅದಕ್ಕೇ ಯುದ್ಧದ ಕೊನೆಗೆ ಬಂದ ಸೆಂಚುರಿಯನ್ ಟ್ಯಾಂಕಿನಿಂದ ಶುರುಮಾಡಿ, ಒಳಗೇ ನೀರು ಕಾಯಿಸೋ ಒಂದು ವಿದ್ಯುತ್ ಪಾತ್ರೆ ಇಟ್ಟರು. ಚಹಾ ಹುಚ್ಚು ಅಂತ ಜನ ನಕ್ಕರು. ನಗೋ ವಿಷಯ ಅಲ್ಲ ಅದು, ಜೀವ ಉಳಿಸೋ ಉಪಕರಣ.

ಅದೇ ಬ್ರಿಟಿಷರು ಆಮೇಲೆ ಎಡವಿದ್ದೂ ಇದೆ. 589 ಏಜಾಕ್ಸ್ ಶಸ್ತ್ರಸಜ್ಜಿತ ವಾಹನಗಳಿಗೆ 5.5 ಬಿಲಿಯನ್ ಪೌಂಡ್ ಒಪ್ಪಂದ ಮಾಡಿಕೊಂಡ್ರು. ಪರೀಕ್ಷೆಗೆ ಅಂತ ಓಡಿಸಿದ ಸೈನಿಕರು ಕಿವಿ ಕೇಳಿಸ್ತಿಲ್ಲ, ಕೀಲು ನೋವು ಅಂತ ಬಂದ್ರು. ಅಷ್ಟು ಸದ್ದು, ಅಷ್ಟು ನಡುಕ. 2021ರಲ್ಲಿ ಸುಮಾರು 300 ಸೈನಿಕರ ಕಿವಿ ಪರೀಕ್ಷೆ ಮಾಡಿಸಬೇಕಾಯ್ತು. ಗುಂಡು ಹಾರೋ ಮುಂಚೆಯೇ ಗಾಯಾಳುಗಳು!

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಬೇಕಾ? ಟಾಟ್ರಾ ಟ್ರಕ್. ನಮ್ಮ ಬೆಂಗಳೂರಿನ ಬಿಇಎಂಎಲ್ 1986ರ ಒಪ್ಪಂದದ ನಂತರ ಸೇನೆಗೆ ಕೊಡ್ತಾ ಬಂದ ಲಾರಿ. ಒಳ್ಳೇ ಗಾಡಿ, ಎರಡು ಮಾತಿಲ್ಲ. ಕಲ್ಲು, ಮರಳು, ಹಳ್ಳ ಯಾವುದಕ್ಕೂ ಹೆದರಲ್ಲ. ಪಿನಾಕಾ ರಾಕೆಟ್‌ಗಳು, ಪೃಥ್ವಿ ಕ್ಷಿಪಣಿ ಅದರ ಬೆನ್ನೇರಿಯೇ ಓಡಾಡಿದ್ದು. ಆದ್ರೆ ಸ್ಟೀರಿಂಗ್ ಎಡಗಡೆ! ರಸ್ತೆಯ ಎಡಕ್ಕೆ ಓಡಿಸೋ ದೇಶದಲ್ಲಿ ಎಡಗಡೆ ಸ್ಟೀರಿಂಗ್. ಮುಂದಿನ ಗಾಡಿಯನ್ನ ದಾಟಬೇಕು ಅಂದ್ರೆ ಎದುರಿಗೆ ಏನು ಬರ್ತಿದೆ ಅಂತ ಡ್ರೈವರ್‌ಗೇ ಕಾಣಲ್ಲ. ಬಲಗಡೆ ಕೂತವನು ‘ಹೋಗು’ ಅನ್ನಬೇಕು. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ ಹೀಗೇ ನಡೀತು. 2012ರಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ತಮಗೆ 14 ಕೋಟಿ ಲಂಚದ ಆಮಿಷ ಬಂದಿತ್ತು ಅಂದಾಗ ಟಾಟ್ರಾ ದೇಶಕ್ಕೆಲ್ಲ ಗೊತ್ತಾಯ್ತು. ನಾವು ಟಿವಿಯವರು ವಾರಗಟ್ಟಲೆ ಚರ್ಚೆ ಮಾಡಿದ್ವಿ. ಎಷ್ಟು ಕೋಟಿ, ಯಾರ ಜೇಬಿಗೆ ಅನ್ನೋದೇ ಚರ್ಚೆ. ಆ ಎಡಗಡೆ ಸೀಟಿನಲ್ಲಿ ಕೂತವನ ಬಗ್ಗೆ ಒಂದು ಪ್ಯಾನೆಲ್ ಕೂರಲಿಲ್ಲ.

ತಮಾಷೆ ಏನು ಗೊತ್ತಾ? ಈ ವಿದ್ಯೆ ಗೊತ್ತಿರೋ ಜನ ನಮ್ಮೂರಲ್ಲೇ ಇದ್ದಾರೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲಿದೆ, ಪೈಲಟ್‌ನ ದೇಹ ಎಷ್ಟು ತಡೆಯುತ್ತೆ ಅಂತ ಅಳೆಯೋದೇ ಅದರ ಕಸುಬು. ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಇಲ್ಲೇ ಇದೆ, ತೇಜಸ್ ಪೈಲಟ್‌ಗೆ ಉಸಿರಾಟದ ವ್ಯವಸ್ಥೆ ಮಾಡಿಕೊಟ್ಟಿದ್ದು ಅದು. ಕಾಕ್‌ಪಿಟ್‌ಗೆ ಸಿಕ್ಕ ಈ ಕಾಳಜಿ ಟ್ರಕ್ಕಿನ ಪೆಟ್ಟಿಗೆಗೆ ಅಷ್ಟಾಗಿ ಸಿಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇದು ಈಗ ಯಾಕೆ ಮುಖ್ಯ? 2019ರ ಫೆಬ್ರವರಿ 27 ನೆನಪಿಸಿಕೊಳ್ಳಿ. ಬಾಲಾಕೋಟ್ ದಾಳಿಯ ಮರುದಿನ. ಪಾಕಿಸ್ತಾನದ ವಿಮಾನಗಳು ಬಂದಿವೆ, ಎಲ್ಲರ ನರ ಬಿಗಿದಿದೆ. ಶ್ರೀನಗರದ ಹತ್ತಿರ ಬಡ್ಗಾಂನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ಮೇಲೆ ನಮ್ಮದೇ ಕ್ಷಿಪಣಿ ಹಾರಿತು. ವಾಯುಪಡೆಯ ಆರು ಜನ, ನೆಲದ ಮೇಲಿದ್ದ ಒಬ್ಬ ನಾಗರಿಕ, ಒಟ್ಟು ಏಳು ಸಾವು. ಇದು ನಮ್ಮ ದೊಡ್ಡ ತಪ್ಪು ಅಂತ ಆಗಿನ ವಾಯುಪಡೆ ಮುಖ್ಯಸ್ಥರೇ ಬಹಿರಂಗವಾಗಿ ಒಪ್ಪಿಕೊಂಡ್ರು, ಅದು ಸಣ್ಣ ಮಾತಲ್ಲ. ಪರದೆಯಿಂದಲೇ ಹಾಗಾಯ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಕುವೈತಿನ ಆ ರಾತ್ರಿಗೂ ಬಡ್ಗಾಂನ ಆ ಬೆಳಗಿಗೂ ಇರೋ ಹೋಲಿಕೆ ನೋಡಿ. ಕ್ಷಣಗಳ ಲೆಕ್ಕ, ಹಾರ್ತಿರೋದು ಯಾರು ಅನ್ನೋ ಅನುಮಾನ, ಗುಂಡಿ ಮೇಲೆ ಒಂದು ಬೆರಳು.

ಆಮೇಲೆ ನಮ್ಮಲ್ಲಿ ‘ಆಕಾಶ್‌ತೀರ್’ ಬಂತು. ಬಿಇಎಲ್ ಜೊತೆ 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿ ಒಪ್ಪಂದ. ಸೇನೆಯ ರಾಡಾರ್‌ಗಳನ್ನೆಲ್ಲ ಜೋಡಿಸಿ ಆಕಾಶದ ಒಂದೇ ಚಿತ್ರ ಕೊಡೋ ವ್ಯವಸ್ಥೆ, ಅದೂ ವಾಹನದ ಮೇಲೆ. 2025ರ ಮೇನಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಅದು ಕೆಲಸಕ್ಕೆ ಬಂತು. ಹೆಮ್ಮೆ ಪಡೋಣ. ಅದರ ಜೊತೆಗೇ, ಮುಂದೆ ಬರೋ ಇಂಥ ಪ್ರತಿ ವಾಹನದ ಬಗ್ಗೆಯೂ ಕೆಲವು ದಡ್ಡ ಪ್ರಶ್ನೆ ಕೇಳೋಣ.

ನಮ್ಮಲ್ಲಿ ಖರೀದಿಗೆ ಮುಂಚೆ ಕ್ಷೇತ್ರ ಪರೀಕ್ಷೆ ನಡೆಯುತ್ತೆ. ಬೇಸಿಗೆಯಲ್ಲಿ ಪೋಖ್ರಾನ್, ಚಳಿಗಾಲದಲ್ಲಿ ಲಡಾಖ್. ಎಂಜಿನ್ ಸ್ಟಾರ್ಟ್ ಆಯ್ತಾ, ಗುರಿ ತಾಗಿತಾ, ಎಲ್ಲ ಬರೆದುಕೊಳ್ತಾರೆ. ಒಳಗಿದ್ದವನು ಎಂಟನೇ ಗಂಟೆಯಲ್ಲಿ ಎಷ್ಟು ಚುಕ್ಕೆ ತಪ್ಪಿಸಿಕೊಂಡ ಅಂತ ಬರೆದುಕೊಳ್ಳೋಕೆ ಒಂದು ಕಾಲಂ ಇರಬೇಕು. ಗುಂಡುನಿರೋಧಕ ಜಾಕೆಟ್ ಹಾಕಿಕೊಂಡು ಆ ಸೀಟಿನಲ್ಲಿ ಕೂರೋಕೆ ಆಗುತ್ತಾ? ಸೀಟಿನಿಂದ ತುರ್ತು ಬಾಗಿಲಿಗೆ ಎಷ್ಟು ಸೆಕೆಂಡು? ಐದಡಿ ಎರಡಿಂಚಿನ ಗೂರ್ಖಾ ಹುಡುಗನ ಕಾಲಿಗೂ ಆರಡಿ ಜಾಟನ ಕಾಲಿಗೂ ಪೆಡಲ್ ಸಿಗುತ್ತಾ? ಕಂಪ್ಯೂಟರ್ ‘ಶತ್ರು’ ಅಂದಾಗ, ಯಾಕೆ ಹಾಗಂತ ಹೇಳ್ತಿದೆ ಅನ್ನೋದನ್ನೂ ಪರದೆ ತೋರಿಸುತ್ತಾ? ಇಷ್ಟನ್ನ ತಿಳಿಯೋಕೆ ಪೂರ್ತಿ ವಾಹನ ತಯಾರಾಗೋವರೆಗೆ ಕಾಯಬೇಕಾಗೂ ಇಲ್ಲ. ಪ್ಲೈವುಡ್‌ನಲ್ಲಿ ಅದೇ ಅಳತೆಯ ಒಂದು ಪೆಟ್ಟಿಗೆ ಮಾಡಿ, ಒಳಗೆ ಕುರ್ಚಿ ಇಟ್ಟು, ಪರದೆ ಇರೋ ಜಾಗದಲ್ಲಿ ಕಾಗದ ಅಂಟಿಸಿ, ನಾಳೆ ಅದರಲ್ಲಿ ಕೂರಬೇಕಾದ ಹವಾಲ್ದಾರನನ್ನ ಕರೆದು ಒಂದು ದಿನ ಕೂರಿಸಬೇಕು. ಸಂಜೆ ಅವನು ಹೊರಗೆ ಬಂದು ಹೇಳಿದ್ದನ್ನ, ಡ್ರಾಯಿಂಗ್‌ಗೆ ಸಹಿ ಬೀಳೋ ಮುಂಚೆ, ಒಬ್ಬ ಎಂಜಿನಿಯರ್ ಕೂತು ಬರೆದುಕೊಳ್ಳಬೇಕು.